ಆದ್ರೂ ಅಣ್ಣನ ಇಪ್ಪತ್ತು ಆಮ್ಲಗಳು

"ನೋಡಿ, ಇದು ಅಲನಿನ್" ಎಂದು ಕೆಮಿಸ್ಟ್ರಿ ಮೇಡಂ ಮರದ ಮಾದರಿಯನ್ನು ತಲೆಯೆತ್ತರಕ್ಕೆ ಹಿಡಿಯುವುದಕ್ಕೂ, ಅದರ ಒಂದು ಕೈ ಕಳಚಿ ನೆಲಕ್ಕೆ ಬೀಳುವುದಕ್ಕೂ ಸರಿಹೋಯಿತು. ಕರಿಯ ಉಂಡೆಗೆ ಮೂರು ಬಿಳಿ ಗೋಲಿ ಸಿಕ್ಕಿಸಿದ್ದ ಆ ಕೈ ಟಕಟಕನೆ ಪುಟಿದು ಬೆಂಚುಗಳ ಕೆಳಗೆ ಸೇರಿಕೊಂಡಿತು. ತನ್ನ ಕೈಕೆಲಸಕ್ಕೆ ಸಿಗುವ ಮರ್ಯಾದೆಯನ್ನು ಕಣ್ಣಾರೆ ನೋಡೋಣವೆಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ ಕಾಲೇಜಿನ ಬಡಗಿ, ಎದ್ದವನೇ ಮಂಡಿಯೂರಿ, ಎಂಬತ್ತು ವಿದ್ಯಾರ್ಥಿಗಳ ನೂರರವತ್ತು ಕಾಲುಗಳ ನಡುವೆ ತೆವಳತೊಡಗಿದ.

"ಒಂಚೂರು ಕಾಲೆತ್ತಮ್ಮ... ನೀನೂ ಎತ್ತಪ್ಪ..."

"ಏನ್ ಕಳ್ಕೊಂಡ್ರಿ ಅಂಕಲ್?"

"ಆರ್."

"ಯಾರು?"

"ಯಾರೂ ಅಲ್ಲಮ್ಮ, ಆರ್!"

ತರಗತಿ ಬಿದ್ದು ಬಿದ್ದು ನಕ್ಕಿತು. ಬಡಗಿ ಮೇಲೆದ್ದಾಗ ಮಂಡಿಯೆಲ್ಲ ಧೂಳು, ಮುಖವೆಲ್ಲ ಕೆಂಪು. ಸಿಕ್ಕಿದ್ದನ್ನು ಮೇಡಂ ಕೈಗಿಡುತ್ತ ಪಿಸುಗುಟ್ಟಿದ: "ನಿನ್ನೆ ಗಟ್ಟಿಯಾಗಿತ್ತು. ಯಾರೋ ಅಲ್ಲಾಡಿಸಿದ್ದಾರೆ."

ಈ 'ಯಾರೋ' ಎಂಬ ಮಹಾನುಭಾವ ಅವನ ಬದುಕಿನಲ್ಲಿ ಹೆಂಡತಿಗಿಂತ ಹಳಬ. ಬಾಗಿಲು ಉಬ್ಬಿದರೆ ಯಾರೋ ನೀರು ಸುರಿದಿದ್ದಾರೆ, ಗರಗಸ ಮೊಂಡಾದರೆ ಯಾರೋ ಮೊಳೆ ಕುಯ್ದಿದ್ದಾರೆ. ತೂಕದ ಯಂತ್ರ ಹತ್ತುವ ಮೊದಲು ಅದನ್ನೇ ಒಮ್ಮೆ ಎತ್ತಿ ನೋಡುತ್ತಿದ್ದ. ಡಾಕ್ಟರು ಮಾತ್ರೆ ಬರೆದುಕೊಟ್ಟರೆ, ಜ್ವರ ಬಂದಾಗ ಡಾಕ್ಟರು ತಾವೇನು ನುಂಗುತ್ತಾರೆಂದು ನರ್ಸನ್ನು ವಿಚಾರಿಸುತ್ತಿದ್ದ. ಇವತ್ತು ಮಂಗಳವಾರ ಎಂದು ಇಡೀ ಕಾಲೇಜು ಹೇಳಿದರೂ, "ಇರಬಹುದು, ಆದ್ರೂ..." ಎಂದು ಎಳೆಯುತ್ತಿದ್ದ. ಆ ಎಳೆತವೇ ಅವನ ಹೆಸರಾಗಿ, ಜವಾನರಿಂದ ಪ್ರಿನ್ಸಿಪಾಲರವರೆಗೆ ಎಲ್ಲರಿಗೂ ಅವನು ಆದ್ರೂ ಅಣ್ಣ.

ಸಂಶಯಕ್ಕೆ ಕಾರಣ ಇರಲಿಲ್ಲವೆಂದಲ್ಲ. ಹನ್ನೊಂದು ವರ್ಷದಿಂದ ಅವನು 'ತಾತ್ಕಾಲಿಕ'. ಅವನು ಮಾಡಿದ ಕುರ್ಚಿಗಳಲ್ಲಿ ಕೂತವರೆಲ್ಲ ಕಾಯಂ ಆದರು. ಕುರ್ಚಿ ಮಾಡಿದವನು ನಿಂತೇ ಇದ್ದ. ಈ ವರ್ಷ ಪರಿಶೀಲನಾ ಸಮಿತಿ ಬರುವುದಿತ್ತು. ಪ್ರಿನ್ಸಿಪಾಲರು ಅವನನ್ನು ಕರೆದು ಬಿಡಿಸಿ ಹೇಳಿದ್ದರು: "ನೋಡಪ್ಪ, ಮಾದರಿಗಳ ಬೀರು ಚೆನ್ನಾಗಿದ್ರೆ ಕಾರ್ಯಾಗಾರಕ್ಕೆ ಒಂದು ಕಾಯಂ ಹುದ್ದೆ ಕೊಡ್ತಾರೆ, ಅದು ನಿಂದು. ಚೆನ್ನಾಗಿಲ್ಲ ಅಂದ್ರೆ ಮುಂದಿನ ವರ್ಷದಿಂದ ಪ್ಲಾಸ್ಟಿಕ್ ಮಾದರಿ ತರಿಸ್ಕೋತೀವಿ. ಆಮೇಲೆ ನಿನಗೆ ಇಲ್ಲಿ ಕೆಲಸ ಇರಲ್ಲ."

ಹಾಗಾಗಿ ಇಪ್ಪತ್ತು ಅಮೈನೊ ಆಮ್ಲಗಳನ್ನು ಅವನು ಮರದಲ್ಲಿ ಕಡೆಯಬೇಕಾಗಿತ್ತು. ಮೇಡಂ ಅವನ ಕೆಲಸದ ಬೆಂಚಿನ ಮೇಲೆಯೇ ಸೀಮೆಸುಣ್ಣದಲ್ಲಿ ಚಿತ್ರ ಬರೆದು ವಿವರಿಸಿದ್ದರು. "ನಡುವೆ ಒಂದು ಕಾರ್ಬನ್, ಕರಿ ಉಂಡೆ. ಅದಕ್ಕೆ ನಾಲ್ಕು ಕೈ. ಒಂದು ಕೈಯಲ್ಲಿ ಅಮೈನೊ ಗುಂಪು, ಅಂದ್ರೆ ನೈಟ್ರೋಜನ್ ನೀಲಿ ಉಂಡೆ, ಅದಕ್ಕೆ ಎರಡು ಬಿಳಿ ಗೋಲಿ. ಇನ್ನೊಂದು ಕೈಯಲ್ಲಿ ಆಮ್ಲದ ಗುಂಪು, ಒಂದು ಕರಿ ಉಂಡೆಗೆ ಎರಡು ಕೆಂಪು, ಅಂದ್ರೆ ಆಕ್ಸಿಜನ್. ಒಂದು ಕೆಂಪಿನ ತುದಿಗೆ ಬಿಳಿ ಗೋಲಿ. ಮೂರನೇ ಕೈಯಲ್ಲಿ ಬರೀ ಒಂದು ಹೈಡ್ರೋಜನ್, ಬಿಳಿ."

"ನಾಲ್ಕನೇದು?"

"ಅದು ಆರ್."

"ಆರ್ ಅಂದ್ರೆ?"

"ಏನು ಬೇಕಾದ್ರೂ ಆಗಬಹುದು ಅಣ್ಣಾ. ಮೂರು ಕೈ ಎಲ್ಲದರಲ್ಲೂ ಒಂದೇ. ನಾಲ್ಕನೇ ಕೈ ಬದಲಾದಾಗ ಆಮ್ಲ ಬದಲಾಗುತ್ತೆ. ಅಲ್ಲಿ ಇನ್ನೊಂದು ಹೈಡ್ರೋಜನ್ ಇದ್ರೆ ಗ್ಲೈಸಿನ್. ಒಂದು ಕಾರ್ಬನ್, ಮೂರು ಹೈಡ್ರೋಜನ್ ಇದ್ರೆ ಅಲನಿನ್. ಹೀಗೆ ಇಪ್ಪತ್ತು."

ಅಣ್ಣ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ ಬಹಳ ಹೊತ್ತು ಆ ಅಕ್ಷರವನ್ನೇ ದಿಟ್ಟಿಸಿದ. "ಮೂರು ಜನಕ್ಕೆ ಪೂರ್ತಿ ಹೆಸರು, ನಾಲ್ಕನೆಯವನಿಗೆ ಬರೀ ಇನಿಷಿಯಲ್ಲು. ಮುಖ ಮುಚ್ಕೊಂಡು ಓಡಾಡೋನು ಒಳ್ಳೆಯವನಾಗಿರಲ್ಲ ಮೇಡಂ." ಪ್ರೋಲಿನ್ನಿನ ಚಿತ್ರ ಬಂದಾಗಲಂತೂ ಅವನ ಗುಮಾನಿಗೆ ಸಾಕ್ಷಿಯೇ ಸಿಕ್ಕಿತು. ಅದರ ಆರ್ ಸುಮ್ಮನೆ ಪಕ್ಕದಲ್ಲಿ ನಿಲ್ಲದೆ, ಬಳಸಿಕೊಂಡು ಹೋಗಿ ನೀಲಿ ಉಂಡೆಯ ಕೈ ಹಿಡಿದಿತ್ತು. "ನೋಡಿದ್ರಾ? ಒಳಸಂಚು!"

ತರಗತಿಯಲ್ಲಿ ಆರ್ ಉದುರಿದ ದಿನವೇ ಅವನು ಒಂದು ತೀರ್ಮಾನಕ್ಕೆ ಬಂದ: ಇನ್ನು ಮೇಲೆ ಪ್ರತಿ ಕೈಯನ್ನೂ ಮರದ ಅಂಟು ಹಾಕಿ ಕೂರಿಸುವುದು. ಯಾರೂ ಅಲ್ಲಾಡಿಸಬಾರದು, ಕೀಳಬಾರದು, ಬದಲಾಯಿಸಬಾರದು. ಅಂಟಿಗೇನು ಬರ, ಎರಡು ಡಬ್ಬಿ ಖಾಲಿಯಾಯಿತು. ತಿಂಗಳೊಳಗೆ ಇಪ್ಪತ್ತೂ ಮಾದರಿಗಳು ಸಾಲಾಗಿ ಗಾಜಿನ ಬೀರು ಸೇರಿದವು. ಬೀಗದ ಕೈ ಮಾತ್ರ ನಿಯಮದ ಪ್ರಕಾರ ಲ್ಯಾಬಿನ ಅಕ್ಕನ ಸೊಂಟಕ್ಕೆ ಹೋಯಿತು. ಲ್ಯಾಬಿನ ಸೀಸೆ ತೊಳೆದು, ಲೆಕ್ಕವಿಟ್ಟು, ಬೀಗ ಹಾಕುವ ಆ ಹೆಂಗಸಿನ ಬಾಯಿ ಆಸಿಡ್ಡಿಗಿಂತ ತುಸು ಖಾರ. ಬೀಗದ ಕೈ ಅವಳ ಹತ್ತಿರ ಇರುವುದು ಅಣ್ಣನಿಗೆ ಹಲ್ಲಿನ ಸಂದಿಯ ನಾರಿನಂತೆ ಕಾಡುತ್ತಿತ್ತು.

ಸಮಿತಿ ಬರಲು ನಾಲ್ಕು ದಿನ ಇದೆ ಎನ್ನುವಾಗ ಮೇಡಂ ಬೀರು ತೆರೆದು ಒಂದೊಂದೇ ಮಾದರಿಯನ್ನು ಕೈಗೆತ್ತಿಕೊಂಡರು. ಬಿಳಿ ಗೋಲಿಯನ್ನು ಕಣ್ಣಿನ ಕಡೆ ಹಿಡಿದು, ಉಳಿದ ಮೂರು ಕೈಗಳನ್ನು ಎಣಿಸಿದರು. ಅಣ್ಣನನ್ನು ಕರೆಸಿದರು.

"ಅಣ್ಣಾ, ಹತ್ತು ಉಲ್ಟಾ ಆಗಿದೆ."

"ತಲೆಕೆಳಗೆ ಇಟ್ಟಿದ್ದಾರಾ?"

"ಅಲ್ಲ. ಬಿಳೀದನ್ನ ನಮ್ಮ ಕಡೆ ಹಿಡಿದಾಗ ಆಮ್ಲ, ಆರ್, ಅಮೈನೊ ಈ ಕ್ರಮ ಗಡಿಯಾರದ ಮುಳ್ಳಿನ ಹಾಗೆ ಸುತ್ತಬೇಕು. ಅದು ಎಡಗೈ ಜಾತಿ. ನಮ್ಮ ಮೈಯಲ್ಲಿರೋ ಪ್ರೋಟೀನೆಲ್ಲ ಎಡಗೈಯವರಿಂದಲೇ ಆಗಿರೋದು. ಇವು ಹತ್ತು ಕನ್ನಡಿಯೊಳಗಿನ ಬಿಂಬದ ಹಾಗಿವೆ, ಬಲಗೈ. ಉಂಡೆ ಅದೇ, ಬಣ್ಣ ಅದೇ, ಆದರೆ ಎಷ್ಟು ತಿರುಗಿಸಿದ್ರೂ ಒಂದು ಇನ್ನೊಂದರ ಹಾಗೆ ಕೂರಲ್ಲ. ನಿಮ್ಮ ಎಡಗಾಲಿನ ಚಪ್ಪಲಿ ಬಲಗಾಲಿಗೆ ಆಗುತ್ತಾ?"

ಬಲಗೈಯವು ಮಾಡಿದ ಎಡವಟ್ಟು ಸಣ್ಣದಲ್ಲ. ಯಾವುದಾದರೂ ಎರಡು ಕೈ ಅದಲುಬದಲು ಮಾಡಿದರೆ ಸರಿಹೋಗುತ್ತಿತ್ತು. ಆದರೆ ಅಂಟು ಕಲ್ಲಾಗಿತ್ತು. ಕಿತ್ತರೆ ಕಡ್ಡಿ ಮುರಿದು ತೂತಿನಲ್ಲೇ ಉಳಿಯುತ್ತಿತ್ತು. ಸರಿಯಿದ್ದವುಗಳನ್ನು ಎಣಿಸಿದರೆ ಒಂದನೆಯದು, ಮೂರನೆಯದು, ಐದನೆಯದು... ಒಂದು ಬಿಟ್ಟು ಒಂದು. ಒಂದನೆಯ ಸ್ಥಾನದ ಗ್ಲೈಸಿನ್‌ಗೆ ಎರಡು ಕೈಯಲ್ಲೂ ಬಿಳಿ ಗೋಲಿಯೇ ಆದ್ದರಿಂದ ಎಡ-ಬಲದ ಹಂಗೇ ಇರಲಿಲ್ಲ; ಇಪ್ಪತ್ತರಲ್ಲಿ ಹುಟ್ಟಾ ನಿರಪರಾಧಿ ಅದೊಂದೇ.

"ಒಂದು ಬಿಟ್ಟು ಒಂದು ಅಂದ್ರೆ ಲೆಕ್ಕ ಹಾಕಿ ಮಾಡಿದ್ದು," ಎಂದ ಅಣ್ಣ. "ನಾನು ಕಾಯಂ ಆಗೋದು ಯಾರಿಗೋ ಹೊಟ್ಟೆಯುರಿ." ಅವನ ಕಣ್ಣು ಲ್ಯಾಬಿನ ಅಕ್ಕನ ಸೊಂಟದ ಮೇಲೆ, ಅಂದರೆ ಅಲ್ಲಿದ್ದ ಬೀಗದ ಕೈ ಮೇಲೆ, ನಿಂತಿತು.

ಅಕ್ಕ ಪರೀಕ್ಷಾನಳಿಕೆಗಳ ಬುಟ್ಟಿಯನ್ನು ದಡಕ್ಕನೆ ಕೆಳಗಿಟ್ಟಳು. "ಏನಣ್ಣಾ, ನನ್ನ ನೋಡ್ತಿದೀಯ?"

"ನಾನು ಯಾರ ಹೆಸರೂ ಹೇಳಲಿಲ್ಲ. ಆದ್ರೂ..."

"ನಿನ್ನ ಆದ್ರೂಗೆ ಬೆಂಕಿ ಬೀಳ! ಅಂಟು ಹಾಕಿದ್ದು ಯಾರು?"

"ನಾನು."

"ಎಂಥಾ ಅಂಟು?"

"ಸುತ್ತಿಗೆಯಲ್ಲಿ ಹೊಡೆದ್ರೂ ಬಿಡದಂಥದ್ದು," ಅಣ್ಣ ಹೆಮ್ಮೆಯಿಂದಲೇ ಹೇಳಿದ.

"ಹಾಗಾದ್ರೆ ನಾನು ಅದನ್ನ ಕಿತ್ತು, ಕೈ ಬದಲಾಯಿಸಿ, ಒಂದು ಗೀರೂ ಬೀಳದ ಹಾಗೆ ಮತ್ತೆ ಅಂಟಿಸಿದ್ನಾ? ಅಷ್ಟು ಬರೋದಾಗಿದ್ರೆ ನಾನ್ಯಾಕಪ್ಪ ಸೀಸೆ ತೊಳೀತಿದ್ದೆ, ನಿನ್ನ ಜಾಗದಲ್ಲಿ ಇರ್ತಿದ್ದೆ. ಅಂಟಿಸೋಕ್ಕಿಂತ ಮೊದಲು ಇದನ್ನ ಮುಟ್ಟಿದವರು ಯಾರು, ಅದು ಹೇಳು."

ಬದುಕಿನಲ್ಲಿ ಮೊದಲ ಸಲ ಅವನ 'ಯಾರೋ'ಗೆ ಒಂದು ವಿಳಾಸ ಸಿಕ್ಕಿತ್ತು, ಅದು ಅವನದೇ ಮನೆಯದು.

ಬೇರೆ ಯಾರಾದರೂ ಆಗಿದ್ದರೆ ತಲೆ ತಗ್ಗಿಸಿ ಸುಮ್ಮನಾಗುತ್ತಿದ್ದರು. ಅಣ್ಣ ಸಂಶಯದ ವಿಷಯದಲ್ಲಿ ಪಕ್ಷಪಾತ ಮಾಡುವವನಲ್ಲ. "ಅಕ್ಕಾ, ನೀನು ಬಾ. ನಾನು ಆ ಹತ್ತನ್ನೂ ಹೊಸದಾಗಿ ಮಾಡ್ತೀನಿ, ನೀನು ನನ್ನ ಕಾವಲು ಕೂತ್ಕೋ. ಕಣ್ಣು ಮಿಟುಕಿಸಬೇಡ" ಎಂದ.

ಕಾರ್ಯಾಗಾರದಲ್ಲಿ ಅಕ್ಕ ಸ್ಟೂಲಿನ ಮೇಲೆ ಪೊಲೀಸಿನವಳಂತೆ ಕೂತಳು. ಅಣ್ಣ ಹೊಸ ಕರಿ ಉಂಡೆಗೆ ನಾಲ್ಕು ತೂತು ಕೊರೆದ. ಯಾವ ತೂತಿಗೆ ಯಾವ ಬಣ್ಣವೆಂದು ಗುರುತು ಹಾಕಲು ಅವನ ಹತ್ತಿರ ಒಂದು ತಗಡಿನ ಅಚ್ಚಿತ್ತು. ಬಿಳಿಯ ತೂತಿನ ಮೇಲೆ ಅಚ್ಚಿನ ನಡುಭಾಗ ಇಟ್ಟರೆ ಉಳಿದ ಮೂರು ಗುರುತು ಸುತ್ತ ಬೀಳುತ್ತಿದ್ದವು. ಮೊದಲ ಉಂಡೆಗೆ ಗುರುತು ಹಾಕಿ ಪಕ್ಕಕ್ಕಿಟ್ಟ. ಎರಡನೆಯ ಉಂಡೆ ತೆಗೆದುಕೊಂಡ. ಎಡಗೈ ತಗಡನ್ನು ದೋಸೆ ಮಗುಚಿದಷ್ಟು ಸರಾಗವಾಗಿ ಮಗುಚಿ ಇಟ್ಟಿತು.

"ಹಿಡಿದೆ!" ಅಕ್ಕ ಸ್ಟೂಲಿನಿಂದ ಹಾರಿದಳು.

"ಏನು?"

"ತಿರುಗಿಸಿದೆ! ತಗಡು ತಿರುಗಿಸಿದೆ ನೀನು!"

ಅಣ್ಣ ತನ್ನ ಎಡಗೈಯನ್ನು ಬೇರೆಯವರ ಕೈ ನೋಡುವಂತೆ ನೋಡಿದ. ಮೂವತ್ತು ವರ್ಷ ಅವನು ಮಾಡಿದ್ದೆಲ್ಲ ಜೋಡಿ ವಸ್ತು. ಕುರ್ಚಿಗೆ ಎಡತೋಳು ಕೊಯ್ದರೆ, ಅದೇ ಅಚ್ಚು ಮಗುಚಿ ಬಲತೋಳು. ಬಾಗಿಲಿಗೆ ಒಂದು ರೆಕ್ಕೆಯಾದರೆ ಅಚ್ಚು ಮಗುಚಿ ಇನ್ನೊಂದು. ಮಗುಚುವುದು ತಲೆಯ ಕೆಲಸವಾಗಿರದೆ ಕೈಯ ಅಭ್ಯಾಸವಾಗಿಬಿಟ್ಟಿತ್ತು. ಇಪ್ಪತ್ತು ಆಮ್ಲಗಳನ್ನು ಅವನ ಕೈ ಹತ್ತು ಜೋಡಿ ಕುರ್ಚಿ ತೋಳುಗಳೆಂದೇ ತಿಳಿದಿತ್ತು. ಎಂದೂ ಕೈಕೊಡದು ಎಂದು ಲೋಕದಲ್ಲಿ ಅವನು ನಂಬಿದ್ದು ತನ್ನ ಕೈಯೊಂದನ್ನೇ, ಅದೇ ಕೈಕೊಟ್ಟಿತ್ತು.

"ತಪ್ಪಾಯ್ತಕ್ಕಾ" ಎಂದ.

"ಆದ್ರೂ ಅನ್ನಲ್ವಾ?"

ಅನ್ನಲಿಲ್ಲ. ತಗಡಿನ ಒಂದು ಮಗ್ಗುಲಿಗೆ ಕೆಂಪು ಬಣ್ಣ ಬಳಿದ. ಕೆಂಪು ಕಾಣದಿದ್ದರೆ ಕೂಗು ಎಂದು ಅಕ್ಕನಿಗೆ ಹೇಳಿದ. ಮೂರು ಹಗಲು ಅವಳು ಸೀಸೆ ತೊಳೆಯುವುದನ್ನು ಬದಿಗಿಟ್ಟು ಕೂಗಿದಳು. ಒಟ್ಟು ಐದು ಸಲ ಕೂಗಬೇಕಾಯಿತು. ನಾಲ್ಕನೆಯ ದಿನ ಬೆಳಗ್ಗೆ ಮೇಡಂ ಹತ್ತನ್ನೂ ಬಿಳಿ ಗೋಲಿ ಕಣ್ಣಿಗೆ ಹಿಡಿದು ನೋಡಿ, ಬೀರುವಿಗೆ ಸೇರಿಸಿದರು.

ಸಮಿತಿಯ ಅಧ್ಯಕ್ಷೆ ಬಿಳಿಗೂದಲಿನ, ಮುಖದ ಮೇಲೆ ನಗು ಕಂಡರೆ ದಂಡ ಹಾಕುವಂತಿದ್ದ ವಿಜ್ಞಾನಿ. ಬೀರುವಿನ ಮುಂದೆ ಕಾಲು ಗಂಟೆ ನಿಂತರು. ಇಪ್ಪತ್ತನ್ನೂ ತೆಗೆದು ತಿರುಗಿಸಿದರು, ಅಲ್ಲಾಡಿಸಿದರು. ಏನೂ ಉದುರಲಿಲ್ಲ. ಮೇಡಂ ಸೆರಗಿನ ತುದಿ ಸುತ್ತಿಕೊಳ್ಳುತ್ತಿದ್ದರು, ಅಕ್ಕ ಬೀಗದ ಕೈ ಹಿಸುಕುತ್ತಿದ್ದಳು. ಅಣ್ಣ ಮಾತ್ರ ಅಧ್ಯಕ್ಷೆಯ ಪೆನ್ನನ್ನೇ, ಅದರಲ್ಲಿ ಶಾಯಿ ಇದೆಯೋ ಇಲ್ಲವೋ ಎಂಬಂತೆ ನೋಡುತ್ತಿದ್ದ.

ಶಾಯಿ ಇತ್ತು. ಕಾರ್ಯಾಗಾರದ ಹುದ್ದೆಯ ಹಾಳೆಗೆ ಸಹಿ ಬಿತ್ತು. ಪ್ರಿನ್ಸಿಪಾಲರು ಅಣ್ಣನ ಬೆನ್ನು ತಟ್ಟಿದರು.

ಅಧ್ಯಕ್ಷೆ ಪೆನ್ನಿನ ಮುಚ್ಚಳ ಹಾಕುತ್ತ, ಕೊನೆಗೊಮ್ಮೆ ಬೀರುವಿನ ಕಡೆ ತಿರುಗಿ, ತಮಗೇ ಹೇಳಿಕೊಳ್ಳುವಂತೆ ಮಾತಾಡಿದರು: "ನಲವತ್ತು ವರ್ಷದಿಂದ ನಾನು ಇದನ್ನೇ ಓದ್ತಿದೀನಿ. ಎಡಗೈ, ಬಲಗೈ ಎರಡೂ ಆಗಬಹುದು, ಎರಡೂ ಅಷ್ಟೇ ಗಟ್ಟಿ. ಆದ್ರೆ ಜೀವ ಇರೋ ಪ್ರತಿಯೊಂದರ ಪ್ರೋಟೀನೂ ಎಡಗೈಯವನ್ನೇ ಆರಿಸ್ಕೊಂಡಿದೆ. ಯಾಕೆ ಅಂತ ಇವತ್ತಿಗೂ ಯಾರಿಗೂ ಖಚಿತವಾಗಿ ಗೊತ್ತಿಲ್ಲ." ಆಮೇಲೆ ಅಣ್ಣನನ್ನು ನೋಡಿದರು. "ಇಷ್ಟನ್ನೂ ಕೈಯಾರೆ ಮಾಡಿದವರು ನೀವು. ನಿಮಗೇನನ್ಸುತ್ತೆ? ಇದರ ಹಿಂದೆ ಏನಿರಬಹುದು?"

ಒಳಸಂಚಿನ ಮಾತು ಬರುತ್ತದೆಂದು ಮೇಡಂ ಕಣ್ಣು ಮುಚ್ಚಿದರು.

ಅಣ್ಣ ಕಿವಿಯ ಪೆನ್ಸಿಲು ತೆಗೆದು ತಲೆ ಕೆರೆದುಕೊಂಡ.

"ಹಿಂದೆ ಏನಿರುತ್ತೆ ಮೇಡಂ, ಏನೂ ಇರಲ್ಲ. ಮೊದಲನೇದನ್ನ ಮಾಡಿದವನು ಅಚ್ಚು ಮಗುಚೋಕೆ ಸೋಮಾರಿತನ ಮಾಡಿರ್ತಾನೆ. ಆಮೇಲೆ ಬಂದವರೆಲ್ಲ ಅದನ್ನೇ ನೋಡ್ಕೊಂಡು ಮಾಡಿರ್ತಾರೆ."