ಡಾಕ್ಟರ ಮುಂದೆ ಹನ್ನೊಂದು ಮಂದಿ

"ಮುಂದಿನ ಸಲ ಮನೆಯಲ್ಲಿ ನಿರ್ಧಾರ ಮಾಡುವವರನ್ನು ಕರೆದುಕೊಂಡು ಬನ್ನಿ" ಎಂದಿದ್ದರು ರಾಯಚೂರಿನ ಮನೋವೈದ್ಯೆ. ಪಾಪ, ಅವರು ಮೈಸೂರು ಕಡೆಯವರು. ನಮ್ಮ ದೇವದುರ್ಗದಲ್ಲಿ ಹೆಣ್ಣು ನೋಡಲು ಹೋಗಲಿಕ್ಕೇ ಎಷ್ಟು ಮಂದಿ ಬೇಕೆಂದು ಅವರಿಗೇನು ಗೊತ್ತು! ಅಪ್ಪ ಕ್ರೂಸರ್ ಗಾಡಿ ಹೇಳಿದ. ಅಜ್ಜಿ, ಅವ್ವ, ದೊಡ್ಡಪ್ಪ, ಕಾಕಂದಿರು, ಅವರ ಹೆಂಡಿರು, ಬುತ್ತಿಗೆ ರೊಟ್ಟಿ, ಪುಂಡಿಪಲ್ಯ. ಮಾನ್ವಿಯಲ್ಲಿ ನರ್ಸ್ ಆಗಿರುವ ಅತ್ತೆ ಬಸ್ಸು ಹಿಡಿದು ನೇರ ಆಸ್ಪತ್ರೆಗೇ ಬಂದಳು. ನನ್ನನ್ನೂ ಸೇರಿಸಿ ಹನ್ನೊಂದು ಮಂದಿ.

ನನಗಾಗ ಹದಿನೈದು. ಊರೆಲ್ಲ ನನ್ನನ್ನು ಹುಡುಗಿ ಎನ್ನುತ್ತಿತ್ತು. ನಾನು ಹುಡುಗ ಎಂಬುದು ನನಗೆ ಗೊತ್ತಿತ್ತು, ಅವ್ವನಿಗೆ ಹೇಳಿಯೂ ಆಗಿತ್ತು. ಮೈ ಮಾತ್ರ ನನ್ನ ಮಾತು ಮೀರಿ ಬೆಳೆಯುತ್ತಿತ್ತು. ಅದನ್ನು ತಡೆಯುವ ಮದ್ದು ಇವತ್ತೇ ಶುರುವಾಗಬೇಕು, ಅಷ್ಟೇ ನನ್ನ ಹಟ. ದಾರಿಯುದ್ದಕ್ಕೂ ಎದೆ ಡಬಡಬ ಅನ್ನುತ್ತಿತ್ತು, ಹೆದರಿಕೆಗಲ್ಲ, ಖುಷಿಗೆ.

ಡಾಕ್ಟರ ಕೋಣೆಯಲ್ಲಿ ಕುರ್ಚಿ ಸಾಲದೆ ಕಾಕಂದಿರು ಗೋಡೆಗೆ ಒರಗಿ ನಿಂತರು. ಡಾಕ್ಟರು ಬಾಯಿ ತೆರೆಯುವ ಮೊದಲೇ ಪಂಚಾಯ್ತಿ ಶುರುವಾಯಿತು.

"ಕೊಡಾದಿದ್ರ ಈಗ ಕೊಡ್ರಿ ಮೇಡಂ. ಮೈ ಪೂರಾ ಬೆಳದ ಮ್ಯಾಲ ಏನ್ ಮಾಡಾಕ ಬರ್ತದ? ಕೂಸು ಒಳಗೊಳಗ ಬೇಯಾಕತ್ತದ" ಎಂದಳು ಅತ್ತೆ.

"ನಾಳಿ ಇಪ್ಪತ್ತಾದ ಮ್ಯಾಲ ಇದು ಬ್ಯಾಡಾಗಿತ್ತು ಅಂದ್ರ? ಮದ್ದು ವಾಪಸ್ ತಗೊಳ್ಳಾಕ ಬರ್ತದೇನು?" ದೊಡ್ಡಪ್ಪ ಗುಡುಗಿದ.

"ಮೊದಲ ಕೂಸು ಉಂಡದೇನ್ ಕೇಳ್ರಿ" ಎಂದಳು ಅಜ್ಜಿ.

ಡಾಕ್ಟರು ನಕ್ಕರು. "ಇಬ್ಬರ ಪ್ರಶ್ನೆಯೂ ಸರಿ. ದೊಡ್ಡ ದೊಡ್ಡ ಡಾಕ್ಟರುಗಳೂ ಇದೇ ಜಗಳ ಆಡುತ್ತಿದ್ದಾರೆ. ಈಗ ಎಲ್ಲರೂ ಸ್ವಲ್ಪ ಹೊರಗಿರಿ."

ಹತ್ತು ಮಂದಿ ಹೊರಗೆ ಹೋಗುವುದಕ್ಕೇ ಐದು ನಿಮಿಷ ಹಿಡಿಯಿತು. ಆಮೇಲೆ ಡಾಕ್ಟರು ನನ್ನನ್ನು ಕೇಳಿದರು. ಒಂದು ತಾಸು, ಬಾಯಿ ಒಣಗುವ ತನಕ ಹೇಳಿದೆ. ಅಡ್ಡ ಬಾಯಿ ಹಾಕದೆ ಕೇಳಿದವರು ಅವರೇ ಮೊದಲು.

"ಇವತ್ತು ಮದ್ದು ಬರೆಯೋದಿಲ್ಲ" ಎಂದರು ಕೊನೆಗೆ. "ತಿಂಗಳಿಗೊಮ್ಮೆ ಬಾ, ಮಾತಾಡೋಣ. ಹಾಗಂತ ನಿನ್ನ ಮಾತು ಸುಳ್ಳು ಅಂತ ಅಲ್ಲ."

ಸಿಟ್ಟು ನೆತ್ತಿಗೇರಿತು. ಅವರು ಮಾಡಿದ್ದು ಸರಿಯೋ ತಪ್ಪೋ, ಈಗಲೂ ನನ್ನ ಮನಸ್ಸು ಎರಡಾಗಿದೆ. ಅಳುತ್ತಲೇ ಗಾಡಿಯ ಹತ್ತಿರ ಬಂದೆ.

ನಮ್ಮ ಮನೆಯಲ್ಲಿ ಎಲ್ಲಿಗೆ ಹೊರಟರೂ ಗಂಡಸರು ಮುಂದೆ, ಹೆಂಗಸರು ಹಿಂದೆ ಕೂಡುತ್ತಾರೆ. ಅಭ್ಯಾಸದಂತೆ ಹಿಂದಿನ ಬಾಗಿಲಿಗೆ ಕೈ ಹಾಕಿದೆ. ಡ್ರೈವರನ ಬಾಜು ಕೂತಿದ್ದ ದೊಡ್ಡಪ್ಪ ಧೋತರ ಮುದುರಿಕೊಂಡು ಸರಿದ.

"ಮದ್ದಿಗಿ ನಾ ಇನ್ನೂ ಒಲ್ಲೆ ಅಂತೀನಿ, ಅದು ಬ್ಯಾರೆ ಮಾತು. ನೀ ಅಲ್ಲ್ಯಾಕ ಹೋಗಾಕತ್ತಿ? ಮುಂದ ಬಾ."

ಸಿಟ್ಟು, ಅಳು, ಖುಷಿ ಎಲ್ಲ ಒಟ್ಟಿಗೇ ಉಕ್ಕಿ ಬಂತು. ಓಡಿ ಹೋಗಿ ಹತ್ತಿದೆ.