ಶ್ರುತಿ ಹಿಡಿದ ಟೈಲರಣ್ಣ

ಮೊನ್ನೆ ಮಳೆಯಲ್ಲಿ ನೆನೆದ ಚರ್ಮದ ಚಪ್ಪಲಿಯನ್ನು ಒಣಗಲಿ ಎಂದು ಬಚ್ಚಲ ಒಲೆಯ ಹತ್ತಿರ ಇಟ್ಟು ಮರೆತೆ. ಸ್ವಲ್ಪ ಹೊತ್ತಿನಲ್ಲಿ ವಾಸನೆ ಬಂತು. ಚರ್ಮ ಕಾದು ಅಂಟು ಬಿಡುವಾಗಿನ ವಾಸನೆ. ಸೊಸೆ ಒಳಗಿನಿಂದಲೇ ಬೈದಳು. ನಾನು ಚಪ್ಪಲಿ ತೆಗೆಯದೆ ವಾಸನೆ ನೋಡುತ್ತಾ ನಿಂತಿದ್ದೆ. ಅದೇ ವಾಸನೆಯನ್ನು ಹಿಂದೊಮ್ಮೆ ಮೂಗಿನಲ್ಲಿ ಎಳೆದುಕೊಂಡು, ಒಳ್ಳೆಯದಾಯಿತು ಎಂದುಕೊಂಡಿದ್ದವಳು ನಾನು.

ಆಗ ನಾವು ಬಂಟ್ವಾಳ ಪೇಟೆಯ ಹಿಂದಿನ ಸಾಲುಮನೆಯಲ್ಲಿದ್ದೆವು. ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿ ನಾಲ್ಕೈದು ವರ್ಷ ಆಗಿರಬೇಕು. ನಮಗೂ ಪಕ್ಕದವರಿಗೂ ನಡುವೆ ಒಂದೇ ಮಣ್ಣಿನ ಗೋಡೆ. ಆಚೆ ಟೈಲರಣ್ಣ ಮತ್ತು ಅವರ ಹೆಂಡತಿ. ಈಚೆ ನಾನು, ನನ್ನ ಗಂಡ, ಎಲೆ, ಹೊಗೆಸೊಪ್ಪು ಹರಡಿ ಬೀಡಿ ಸುತ್ತುವ ನನ್ನ ತಡ್ಪೆ. ಹಗಲಿಡೀ ಪೇಟೆಯ ಅಂಗಡಿ ಜಗಲಿಯಲ್ಲಿ ಮಿಷನು ತುಳಿಯುತ್ತಿದ್ದ ಮನುಷ್ಯ ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಹಾರ್ಮೋನಿಯಂ ಪೆಟ್ಟಿಗೆ ಎದುರಿಗೆ ಇಟ್ಟು ಕೂರುತ್ತಿದ್ದರು. ಅದು ಯಾವುದೋ ನಾಟಕ ಕಂಪೆನಿಯವರು ಬಟ್ಟೆ ಹೊಲಿಸಿಕೊಂಡು, ಮಜೂರಿಯ ಬದಲಿಗೆ ಬಿಟ್ಟುಹೋದ ಹಳೆಯ ಪೆಟ್ಟಿಗೆ. ಕಲಿಸಿದವರು ಯಾರೂ ಇಲ್ಲ. ಕಿವಿಯಲ್ಲಿ ಕೇಳಿದ್ದನ್ನು ಬೆರಳಲ್ಲಿ ಹುಡುಕುವುದು.

ನನಗೆ ಅದು ಹಿಂಸೆ. ಒಂದೇ ಹಾಡು, ಒಂದೇ ಸಾಲು, ಅದೇ ಜಾಗದಲ್ಲಿ ತಪ್ಪು. ತಪ್ಪಿದ ಕೂಡಲೇ ನಿಲ್ಲಿಸುತ್ತಿದ್ದರು. ಅವರು ನಿಲ್ಲಿಸಿದರೆ ಬೀಡಿ ಸುತ್ತುವ ನನ್ನ ಕೈಯೂ ನಿಲ್ಲುತ್ತಿತ್ತು. ಒಂದು ದಿವಸ ಗೋಡೆಗೆ ಬಡಿದೆ.

“ಟೈಲರಣ್ಣ, ಒಂದಾ ಮುಂದೆ ಹೋಗಿ, ಇಲ್ಲಾ ಬಿಟ್ಟುಬಿಡಿ ಮಾರಾಯ್ರೆ.”

“ಮುಂದೆ ಹೋಗ್ಲಿಕ್ಕೆ ದಾರಿ ಉಂಟಾ ಅಂತ ನೋಡ್ತಾ ಇದ್ದೇನೆ ತಂಗಿ,” ಎಂದರು ಆಚೆಯಿಂದ. ನಗುತ್ತಿದ್ದರು.

ಊರಿನಲ್ಲಿ ಅವರನ್ನು ಕರೆಯುತ್ತಿದ್ದದ್ದು ಶ್ರುತಿ ಹಿಡಿಯಲಿಕ್ಕೆ ಮಾತ್ರ. ಮಳೆಗಾಲದಲ್ಲಿ ತಾಳಮದ್ದಳೆ ನಡೆಯುತ್ತದಲ್ಲ, ವೇಷ ಇಲ್ಲದೆ ಕೂತು ಮಾತಾಡುವ ಆಟ, ಅಲ್ಲಿ ಭಾಗವತರು ಹಾಡುತ್ತಾರೆ. ಅವರ ಹಿಂದೆ ಕೂತು ಪೆಟ್ಟಿಗೆಯ ಒಂದೇ ಮನೆ, ಒಂದೇ ಸ್ವರ, ಒತ್ತಿ ಹಿಡಿದು ಗಾಳಿಯ ತಿದಿ ಎಳೆಯುತ್ತಾ ಇರಬೇಕು. ಬೆರಳು ಅಲ್ಲಾಡಬಾರದು. ಇದನ್ನು ಟೈಲರಣ್ಣ ವರ್ಷಗಟ್ಟಲೆ ಮಾಡಿದರು. ಒಮ್ಮೆ ಪದ್ಯದ ನಡುವೆ ಬೆರಳು ತಡೆಯಲಾರದೆ ಎರಡು ಮನೆ ಆಚೆ ಹೋಯಿತು. ಭಾಗವತರು ಹಾಡು ನಿಲ್ಲಿಸಿ ತಿರುಗಿ, “ಟೈಲರೇ, ಕೊಟ್ಟ ಬಟ್ಟೆ ಎಷ್ಟು ಉಂಟೋ ಅಷ್ಟೇ ಹೊಲಿಯಿರಿ,” ಎಂದರು. ಇಡೀ ಚಾವಡಿ ನಕ್ಕಿತು. ನಾನೂ ನಕ್ಕೆ.

ಒಂದು ಹಾಡನ್ನು ಮೊದಲಿನಿಂದ ಕೊನೆಯ ವರೆಗೆ ಜನರ ಎದುರು ನುಡಿಸಬೇಕು. ಆ ಮನುಷ್ಯನಿಗೆ ಬೇಕಾದದ್ದು ಅಷ್ಟೇ.

ಅದಕ್ಕೆ ಒಂದು ದಾರಿ ಆದದ್ದು ಕೋಟು ಹೊಲಿಸಲು ಬಂದ ಮೂಡಬಿದಿರೆಯ ಮಾಸ್ತರರಿಂದ. ಕೃಷ್ಣಾಷ್ಟಮಿಗೆ ಅವರ ಕಡೆ ಮಕ್ಕಳ ಕಾರ್ಯಕ್ರಮ ಇತ್ತು. “ಹತ್ತು ನಿಮಿಷ ನಿಮ್ಮದೇ, ಬೇಕಾದ್ದು ನುಡಿಸಿ,” ಎಂದರಂತೆ. ಅಲ್ಲಿಂದ ಮತ್ತೆ ಗೋಡೆಯ ಆಚೆ ಬಿಡುವೇ ಇಲ್ಲ. ಜಡಿಮಳೆಯ ಆಟಿ ತಿಂಗಳಿಡೀ ಅದೇ ಸಾಲು. ಒಂದು ಸಂಜೆ ಆ ತಪ್ಪುವ ಜಾಗ ದಾಟಿ ಹಾಡು ಮುಂದೆ ಹೋಯಿತು. ಕೊನೆಯ ವರೆಗೂ ಹೋಯಿತು. ಮುಗಿಯುವಾಗ ನನ್ನ ಕೈಯಲ್ಲಿ ಅದೇ ಅರ್ಧ ಸುತ್ತಿದ ಬೀಡಿ ಇತ್ತು. ಚೆಂದ ಆಯಿತು ಎಂದು ಗೋಡೆ ಬಡಿದು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಇನ್ನೊಮ್ಮೆ ನುಡಿಸುತ್ತಾರೆ ಎಂದು ಹೆದರಿಕೆ.

ಅಷ್ಟಮಿಗೆ ಐದು ದಿವಸ ಇರುವಾಗ ತೆಂಗಿನ ಮಡಲು ಬಿದ್ದು ಅವರ ಮಾಡಿನ ಹಂಚು ಒಡೆಯಿತು. ಒಳಗೆಲ್ಲ ನೀರು. ಥಂಡಿಗೆ ಪೆಟ್ಟಿಗೆಯ ಮನೆಗಳು ಉಬ್ಬಿ, ಒತ್ತಿದ್ದು ಮೇಲೆ ಏಳುತ್ತಿರಲಿಲ್ಲ. ಅದೇ ಹೊತ್ತಿಗೆ ಬೆಳ್ತಂಗಡಿಯಲ್ಲಿ ಅವರ ಮಾವ ತೀರಿಹೋದ ಸುದ್ದಿ ಬಂತು. ಪೆಟ್ಟಿಗೆಯನ್ನು ಪಂಚೆಯಲ್ಲಿ ಕಟ್ಟಿ ನನ್ನ ಬಾಗಿಲಿಗೆ ತಂದರು.

“ನಿನ್ನಲ್ಲಿ ಇರಲಿ ತಂಗಿ. ಥಂಡಿ ತಾಗದ ಹಾಗೆ ನೋಡಿಕೋ.”

ಇಷ್ಟೇ ಹೇಳಿದ್ದು. ಹೇಗೆ ಇಡಬೇಕು, ಎಲ್ಲಿ ಇಡಬಾರದು, ಒಂದು ಮಾತು ಇಲ್ಲ. ಹೇಳಬೇಕಿತ್ತು. ನನಗೆ ಥಂಡಿಯಿಂದ ಉಳಿಸಲು ಗೊತ್ತಿದ್ದದ್ದು ಬೀಡಿ. ಬೂಸ್ಟು ಬಂದ ಬೀಡಿಯನ್ನು, ಲೆಕ್ಕ ಮಾಡಿ ತೆಗೆದುಕೊಳ್ಳುವ ಬ್ರಾಂಚಿನವ ಮುಖ ನೋಡದೆ ಹಿಂದೆ ಎಸೆಯುತ್ತಿದ್ದ. ಹಾಗಾಗಿ ಮಳೆಗಾಲದಲ್ಲಿ ನಾವೆಲ್ಲ ಸುತ್ತಿದ ಬೀಡಿಯನ್ನು ಅಡಿಗೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವುದು. ಪೆಟ್ಟಿಗೆಯನ್ನೂ ಅಲ್ಲೇ ಇಟ್ಟೆ. ಬೀಡಿಯನ್ನು ಬದಿಗೆ ಸರಿಸಿ, ಒಲೆಗೆ ನೇರ ಮೇಲೆ, ಒಳ್ಳೆಯ ಜಾಗದಲ್ಲಿ. ಮೂರನೆಯ ದಿವಸ ಚರ್ಮ ಕಾದ ವಾಸನೆ ಬಂತು. ಒಣಗಿತು ಎಂದು ಖುಷಿಪಟ್ಟೆ.

ಅಷ್ಟಮಿಯ ದಿವಸ ಅವರು ಬೆಳ್ತಂಗಡಿಯಿಂದ ಬರುವಾಗ ಮಧ್ಯಾಹ್ನ. ಬಸ್ಸಿಗೆ ಹೊತ್ತಾಗಿತ್ತು. ನಾನು ಮೇಲಿನ ಮಸಿ ಒರೆಸಿ ಅದೇ ಪಂಚೆಯಲ್ಲಿ ಕಟ್ಟಿ ಕೊಟ್ಟೆ. ಬಿಚ್ಚಿ ನೋಡಲಿಲ್ಲ ಆ ಮನುಷ್ಯ. ಹೆಂಡತಿ ಸೂತಕವೆಂದು ತವರಿನಲ್ಲೇ ಉಳಿದಿದ್ದರು. ನಾನೂ ನನ್ನ ಗಂಡನೂ ಜೊತೆಗೆ ಹೋದೆವು.

ಮೂಡಬಿದಿರೆಯಲ್ಲಿ ಎದುರಿಗೆಲ್ಲ ಮಕ್ಕಳು, ಹಿಂದೆ ದೊಡ್ಡವರು. ಟೈಲರಣ್ಣ ಕೂತರು. ಬೆರಳು ಒತ್ತಿದ ಮನೆ ಸರಿಯಾಗಿ ಮೇಲೆ ಎದ್ದಿತು. ನೋಡಿ, ನಾನು ಒಣಗಿಸಿದ್ದು ಎಂದು ಗಂಡನಿಗೆ ಮೊಣಕೈಯಲ್ಲಿ ತಿವಿದೆ. ಮೊದಲ ಸಾಲು ಅರ್ಧ ಬಂತು. ಮತ್ತೆ ಬರೀ ಉಸ್ ಎಂದಿತು. ತಿದಿಯ ಮಡಿಕೆಯ ಚರ್ಮ ಅಂಟು ಬಿಟ್ಟುಹೋಗಿತ್ತು, ಗಾಳಿ ನಿಲ್ಲುತ್ತಿರಲಿಲ್ಲ. ಪುನಃ ಹಿಡಿದರು. ಪುನಃ ಉಸ್. ಮಕ್ಕಳು ನಗಲು ಸುರುಮಾಡಿದವು. ಮಾಸ್ತರರು ಬಂದು ಬಗ್ಗಿ ಕೇಳಿದರು.

“ಶ್ರುತಿಯಾದರೂ ನಿಲ್ತದಾ?”

ಜೋರಾಗಿ ಎಳೆದರೆ ಒಂದು ಮನೆ ನಿಲ್ಲುತ್ತಿತ್ತು. ಒಬ್ಬಳು ಹುಡುಗಿಯನ್ನು ಕರೆದು ಹಾಡಲು ಕೂರಿಸಿದರು. ಟೈಲರಣ್ಣ ಅವಳ ಹಿಂದೆ ಸರಿದು ಕೂತು, ಹತ್ತು ನಿಮಿಷ ಬೆವರು ಇಳಿಯುವ ಹಾಗೆ ತಿದಿ ಎಳೆಯುತ್ತಾ, ಬೆರಳು ಅಲ್ಲಾಡಿಸದೆ ಶ್ರುತಿ ಹಿಡಿದರು.

ಹಿಂದೆ ಬರುವಾಗ ಬಸ್ಸಿನಲ್ಲಿ ಪೆಟ್ಟಿಗೆ ಅವರ ಮಡಿಲಲ್ಲಿತ್ತು. ಅಡಿಯ ಮಸಿಯನ್ನು ನಾನು ಒರೆಸಿರಲಿಲ್ಲ. ಅವರು ಅಂಗೈ ನೋಡಿಕೊಂಡರು. ಕಪ್ಪಾಗಿತ್ತು.

“ತಂಗಿ, ಒಲೆ ಹತ್ತಿರ ಇಟ್ಟಿದ್ದೆಯಾ?”

“ಇಲ್ಲಪ್ಪ. ಪೆಟಾರಿಯ ಬದಿಯಲ್ಲಿ ಇಟ್ಟಿದ್ದೆ,” ಎಂದೆ. ಗಂಡ ಕಿಟಕಿಯ ಹೊರಗೆ ನೋಡಿದ.

“ಹಾಗಾದ್ರೆ ನನ್ನ ಕೈಯದ್ದೇ ತಪ್ಪು. ಜೋರು ಎಳೆದದ್ದು ಹೆಚ್ಚಾಯ್ತು,” ಎಂದರು.

ಎರಡು ಬೈಗಳು ಬೈದಿದ್ದರೆ ನಾನೂ ಎರಡು ಬೈದು, ಇಟ್ಟಿದ್ದೇನೆ ಏನೀಗ ಎಂದು ಹೇಳಿಬಿಡುತ್ತಿದ್ದೆ. ಈ ಮನುಷ್ಯ ಬೈಯಲೂ ಇಲ್ಲ. ಪಾಣೆಮಂಗಳೂರಿಗೆ ಹೋಗಿ ತಿದಿಗೆ ಚರ್ಮ ಅಂಟಿಸಿಕೊಂಡು ಬಂದರು. ಶ್ರುತಿಗೆ ಸಾಕಾಗುತ್ತಿತ್ತು. ತಾಳಮದ್ದಳೆಗೆ ಹೋಗುತ್ತಿದ್ದರು, ಬರುತ್ತಿದ್ದರು. ಆ ಹಾಡು ಮಾತ್ರ ಗೋಡೆಯ ಆಚೆ ಮತ್ತೆ ಕೇಳಲಿಲ್ಲ. ಆರೇಳು ವರ್ಷ ಕಳೆದು ಜ್ವರದಲ್ಲಿ ಹೋದರು. ಅವರ ಒಬ್ಬಳೇ ಮಗಳು ಆಗ ತೊಟ್ಟಿಲಿನಲ್ಲಿ. ಹೆಂಡತಿ ಕೂಸನ್ನು ಎತ್ತಿಕೊಂಡು ಬೆಳ್ತಂಗಡಿಗೆ ನಡೆದರು...

ಆ ಮಗಳಿಗೂ ಈಗ ಮೊಮ್ಮಕ್ಕಳು. ಆಗೊಮ್ಮೆ ಈಗೊಮ್ಮೆ ಪೇಟೆಯಲ್ಲಿ ಸಿಗುತ್ತಾಳೆ. ಚಪ್ಪಲಿ ಸುಟ್ಟ ಮರುದಿವಸ ಬಂಟ್ವಾಳ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ಇನ್ನು ಇಟ್ಟುಕೊಂಡು ಏನು ಎಂದು ಹೇಳಿಬಿಟ್ಟೆ.

“ನಿನ್ನ ಅಪ್ಪನ ಪೆಟ್ಟಿಗೆ ಹಾಳು ಮಾಡಿದ್ದು ನಾನು. ಒಲೆಯ ಮೇಲೆ ಇಟ್ಟಿದ್ದೆ. ಕೇಳಿದ್ದಕ್ಕೆ ಸುಳ್ಳು ಹೇಳಿದೆ. ಆಮೇಲೆ ಅವರು ಹಾಡು ನುಡಿಸಲೇ ಇಲ್ಲ.”

ಅವಳಿಗೆ ಬೇಜಾರಾಗಲಿಲ್ಲ. ಆಶ್ಚರ್ಯ ಆಯಿತು.

“ಅಪ್ಪ ಶ್ರುತಿಗೆ ಕೂತುಕೊಳ್ತಿದ್ರು ಅಂತ ಅಮ್ಮ ಹೇಳಿದ್ದು ಗೊತ್ತು. ಹಾಡು ನುಡಿಸ್ಲಿಕ್ಕೆ ಬರ್ತಿತ್ತಾ ಅಜ್ಜಿ ಅವರಿಗೆ?”

“ಬರುತ್ತಿತ್ತು,” ಎಂದೆ.

“ಯಾವ ಹಾಡು? ಹೇಗೆ ಉಂಟು ಅದು?”

ಇಡೀ ಹಾಡು ನನ್ನ ತಲೆಯೊಳಗೆ ಉಂಟು, ತಪ್ಪುವ ಜಾಗ ಸಮೇತ. ಬಾಯಿ ತೆರೆದೆ. ನನಗೆ ಹಾಡಲಿಕ್ಕೆ ಬರುವುದಿಲ್ಲ. ಬೆಳ್ತಂಗಡಿಯ ಬಸ್ಸು ಬಂತು, ಅವಳು ಹತ್ತಿ ಹೋದಳು.