ಪರದೆಯ ಮೇಲಿದ್ದ ತಮ್ಮನ ಹೆಸರು

ಸಿಂದಗಿಯ ವಿಡಿಯೊ ಗೇಮ್ ಅಂಗಡಿಯಲ್ಲಿ, ಹಳೆಯ ಕಾರ್ ರೇಸ್ ಯಂತ್ರದ ಮುಂದೆ ಅವ್ವನನ್ನು ನಿಲ್ಲಿಸಿದವನು ಗಾಬರಿಯಾದೆ. ಪರದೆಯಲ್ಲಿ ಗೆದ್ದವರ ಹೆಸರುಗಳಲ್ಲಿ ಎಲ್ಲಕ್ಕಿಂತ ಮೇಲಿರುತ್ತಿದ್ದ, ತೀರಿಹೋದ ತಮ್ಮನ ಹೆಸರು ಈಗ ಇರಲೇ ಇಲ್ಲ. ಅದನ್ನು ತೋರಿಸಲೆಂದೇ ಅವಳನ್ನು ಕನ್ನೊಳ್ಳಿಯಿಂದ ಕರೆತಂದಿದ್ದೆ.

ಯಂತ್ರಕ್ಕೆ ವಿಭೂತಿ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿದ್ದರು. ಅಂಗಡಿಯ ಕಾಕಾ ತಲೆ ತಗ್ಗಿಸಿದರು. “ಬಂದ್ ಮಾಡಿದ್ರ ಹೆಸರು ಅಳಿಸಿ ಹೋಗ್ತಾವಂತ ಇಷ್ಟು ವರ್ಷ ಇನ್ವರ್ಟರ್ ಮ್ಯಾಲೆ ಚಾಲೂನೇ ಇಟ್ಟಿದ್ನಿರಿ. ನಿನ್ನಿ ಖಂಡೇ ಪೂಜಿ, ಆಯುಧ ಪೂಜಿ. ಮಷೀನಿಗೂ ಒಂದಿನ ಆರಾಮ ಬೇಕಂತ ನಮ್ಮಾಕಿ ಪ್ಲಗ್ ತಗದಾಳ್ರಿ. ಇವತ್ತ ಮುಂಜಾನೆ ಮತ್ತ ಚಾಲೂ ಮಾಡಿದ್ರ ಹೆಸರೆಲ್ಲ ಹೋಗಿದ್ವು.”

ಹೆಸರಿದ್ದ ಜಾಗವನ್ನು ಬೆರಳಿಟ್ಟು ತೋರಿಸಿದೆ. ಅವ್ವ ಅಲ್ಲಿ ಅಂಗೈ ಇಟ್ಟಳು. “ಇಲ್ಲಿ ಇನ್ನೂ ಬೆಚ್ಚಗೈತಿ ನೋಡೋ.”

ಚಾಲೂ ಇದ್ದ ಪರದೆ ಎಲ್ಲ ಕಡೆಯೂ ಅಷ್ಟೇ ಬೆಚ್ಚಗಿರುತ್ತದೆ. ಅದನ್ನು ಅವ್ವನಿಗೆ ಹೇಳಲು ನನಗೆ ಈವರೆಗೂ ಬಾಯಿ ಬಂದಿಲ್ಲ.